ಜರ್ಮನಿಯಲ್ಲಿ ಮೆಕ್ಯಾನಿಕಲ್‌ನವರಿಗೆ ಈಗ ಕೆಲಸ ಇದೆಯಾ?

ಪ್ರಶ್ನೆ: ವಯಸ್ಸು 31, ಬಿ.ಇ. ಮೆಕ್ಯಾನಿಕಲ್, ಪೀಣ್ಯದಲ್ಲಿ 6 ವರ್ಷದಿಂದ ಡಿಸೈನ್ ಕೆಲಸ. ಇಂಗ್ಲಿಷ್ ಸಿ1 (ಎ1ರಿಂದ ಸಿ2ರವರೆಗಿನ ಭಾಷಾ ಮಟ್ಟಗಳಲ್ಲಿ ಮೇಲಿಂದ ಎರಡನೇದು) ಇದೆ, ಜರ್ಮನ್ ಬರಲ್ಲ. ಆಪರ್ಚುನಿಟಿ ಕಾರ್ಡ್ (ಜರ್ಮನಿಗೆ ಹೋಗಿ ಕೆಲಸ ಹುಡುಕಲು ಕೊಡುವ ಪರವಾನಗಿ) ಮೇಲೆ ಹೋಗಿ ಅಲ್ಲೇ ಕೆಲಸ ಹುಡುಕಬಹುದಾ ಸರ್? ಕೆಲವರು ಅಲ್ಲಿ ಆರ್ಥಿಕತೆ ಕುಸಿದಿದೆ ಅಂತಾರೆ, ಕೆಲವರು ಇಂಜಿನಿಯರ್‌ಗಳೇ ಸಿಗ್ತಿಲ್ಲ ಅಂತಾರೆ.

ಉತ್ತರ: ಇಬ್ಬರು ಹೇಳೋದೂ ನಿಜ. 2023, 2024 ಎರಡೂ ವರ್ಷ ಜಿಡಿಪಿ ಇಳಿಯಿತು. 2025ರ ಆಗಸ್ಟ್‌ನಲ್ಲಿ ನಿರುದ್ಯೋಗಿಗಳು 30 ಲಕ್ಷ ದಾಟಿದರು. ಹೆಚ್ಚು ಪೆಟ್ಟು ಬಿದ್ದಿರೋದು ನಿಮ್ಮ ಕ್ಷೇತ್ರಕ್ಕೇ: ರಷ್ಯಾದ ಪೈಪ್‌ಲೈನ್ ಗ್ಯಾಸ್ ನಿಂತ ಮೇಲೆ ಇಂಧನ ದುಬಾರಿಯಾಯಿತು, ಚೀನಾದಲ್ಲಿ ಜರ್ಮನ್ ಕಾರುಗಳ ಮಾರಾಟ ಕುಗ್ಗಿತು. ಫೋಕ್ಸ್‌ವ್ಯಾಗನ್ ಒಂದೇ 2030ರೊಳಗೆ 35,000 ಹುದ್ದೆ ಇಳಿಸಲಿದೆ. ಕೊರತೆ ಇರೋದು ನರ್ಸಿಂಗ್, ಎಲೆಕ್ಟ್ರಿಕಲ್, ಕಟ್ಟಡ ಕೆಲಸದಂಥ ಕಡೆ. 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಪಡೆದ 50,000 ಕೋಟಿ ಯೂರೋ ಮೂಲಸೌಕರ್ಯ ನಿಧಿಯ ಹಣ ರೈಲು, ಸೇತುವೆ, ವಿದ್ಯುತ್ ಜಾಲಕ್ಕೆ ಹೋಗುತ್ತೆ. ಕಾರಿನ ಬಿಡಿಭಾಗ ಬಿಟ್ಟು ಆ ಕಡೆ ನೋಡಿ.

ಕಾರ್ಡಿಗೆ 6 ಅಂಕ ಬೇಕು. 35ರೊಳಗಿನ ವಯಸ್ಸಿಗೆ 2, ಕಳೆದ 7 ವರ್ಷದಲ್ಲಿ 5 ವರ್ಷದ ಅನುಭವಕ್ಕೆ 3, ಸಿ1 ಇಂಗ್ಲಿಷ್‌ಗೆ 1. ಜರ್ಮನ್ ಇಲ್ಲದೆಯೇ ನಿಮಗೆ 6 ಆಯ್ತು. ಎಡವೋದು ಇಲ್ಲೇ. ಕಾರ್ಡ್ ಸಿಗುತ್ತೆ, ಕೆಲಸ ಸಿಗಲ್ಲ. ಮಧ್ಯಮ ಗಾತ್ರದ ಕಂಪನಿಗಳಲ್ಲಿ ಡ್ರಾಯಿಂಗ್ ಟಿಪ್ಪಣಿ, ಸಪ್ಲೈಯರ್ ಫೋನು, ಶಾಪ್‌ಫ್ಲೋರ್ ಮಾತು ಎಲ್ಲ ಜರ್ಮನ್‌ನಲ್ಲೇ. ಕಾರ್ಡಿನ ಅವಧಿ ಒಂದೇ ವರ್ಷ. ವಾರಕ್ಕೆ 20 ಗಂಟೆ ಪಾರ್ಟ್‌ಟೈಮ್ ಮಾತ್ರ ಮಾಡಬಹುದು. ಬ್ಲಾಕ್ಡ್ ಅಕೌಂಟ್‌ನಲ್ಲಿ (ಅಲ್ಲಿನ ಖರ್ಚಿಗೆ ತಿಂಗಳಿಗಿಷ್ಟೇ ಅಂತ ತೆಗೆಯಬಹುದಾದ ಖಾತೆ), 2025ರ ಲೆಕ್ಕಕ್ಕೆ, ತಿಂಗಳಿಗೆ 1,091 ಯೂರೋದಂತೆ 13,092 ಯೂರೋ ಇಡಬೇಕು. ಅಷ್ಟು ದುಡ್ಡು ಸುರಿದು ಅಲ್ಲಿ ಎ1 ಕ್ಲಾಸಿಗೆ ಕೂರೋದಕ್ಕಿಂತ ಇಲ್ಲೇ ಜರ್ಮನ್ ಬಿ1 ಮುಗಿಸಿ. ಹಾಗೇ ‘ಅನಾಬಿನ್’ (ವಿದೇಶಿ ವಿಶ್ವವಿದ್ಯಾಲಯ, ಪದವಿಗಳ ಜರ್ಮನ್ ಪಟ್ಟಿ) ನೋಡಿ, ಅದರಲ್ಲಿ ನಿಮ್ಮ ವಿಶ್ವವಿದ್ಯಾಲಯಕ್ಕೆ ‘ಎಚ್+’, ಅಂದ್ರೆ ಮಾನ್ಯತೆಯ ಗುರುತು, ಇದೆಯಾ, ಪದವಿಯೂ ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ.

ಪ್ರಶ್ನೆ: ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೀನಿ, ಬ್ಲೂ ಕಾರ್ಡ್ (ಪದವೀಧರರಿಗೆ ಕೆಲಸದ ಮೇಲೆ ಕೊಡುವ ವಾಸದ ಪರವಾನಗಿ) ಇದೆ. ಕಂಪನಿಯವರು ‘ಔಫ್‌ಹೇಬುಂಗ್ಸ್‌ಫೆರ್ಟ್ರಾಗ್’ (ಇಬ್ಬರೂ ಒಪ್ಪಿ ಕೆಲಸ ಮುಗಿಸೋ ಒಪ್ಪಂದ) ಕೊಟ್ಟು, ಪರಿಹಾರ ತಗೊಂಡು ಸಹಿ ಮಾಡಿ ಅಂತಿದಾರೆ. ಮಾಡಲಾ?

ಉತ್ತರ: ಇವತ್ತು ಬೇಡ. ಅದು ನೀವೇ ಒಪ್ಪಿ ಕೆಲಸ ಬಿಟ್ಟಂತೆ. ಸಾಮಾನ್ಯವಾಗಿ 12 ವಾರ ನಿರುದ್ಯೋಗ ಭತ್ಯೆ ತಡೆಹಿಡೀತಾರೆ. ಪರಿಹಾರದ ಮೊತ್ತ ನೋಡುವಾಗ ಇದನ್ನೂ ಕಳೆದು ನೋಡಿ. ಕಾರ್ಮಿಕ ಕಾನೂನಿನ ವಕೀಲರಿಗೆ ತೋರಿಸಿ. ಕಂಪನಿಯವರೇ ಕೆಲಸದಿಂದ ತೆಗೆದು ಲಿಖಿತ ನೋಟಿಸ್ ಕೊಟ್ಟರೆ ಕೋರ್ಟಿಗೆ ಹೋಗಲು 3 ವಾರ ಇದೆ, ಆಮೇಲೆ ಬಾಗಿಲು ಮುಚ್ಚಿದಂತೆ. ಕೆಲಸ ಮುಗಿಯೋ ದಿನ ಗೊತ್ತಾಗಿ, ಅದಕ್ಕೆ 3 ತಿಂಗಳೂ ಇಲ್ಲದಿದ್ದರೆ 3 ದಿನದೊಳಗೆ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಿ. ಕೆಲಸ ಹೋಗೋದು ಖಚಿತವಾದ 2 ವಾರದೊಳಗೆ ವಿದೇಶಿಯರ ಕಚೇರಿಗೂ ತಿಳಿಸಿ. ಇದನ್ನೇ ಬಹಳ ಜನ ಮರೆಯೋದು.