ಪದ ಬೇಕು: ಗೋಡೆಗೆ ಹಾಕುವ ದೊಡ್ಡ ಕಾಗದದ ಹೂವಿಗೆ ಏನನ್ನಬೇಕು?

ಶಹಾಪುರ, ಬೆಳಗಾವಿಯಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ಮದುವೆ ಸ್ಟೇಜಿನ ಹಿಂದೆ, ಗಣಪತಿ ಮಖರದ ಸುತ್ತ ಹಾಕುವ ದೊಡ್ಡ ಹೂ ಮಾಡುತ್ತೇವೆ. ಕಾಗದದ್ದು, ಬಟ್ಟೆಯದ್ದು, ಒಂದೊಂದು ಪರಾತದಷ್ಟು ಅಗಲ. ಈಗಿನ ಬೋರ್ಡಿನಲ್ಲಿ ‘ಜೈಂಟ್ ಪೇಪರ್ ಫ್ಲವರ್ಸ್’ ಎಂದಿದೆ. ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆ ತಿದ್ದಿದ್ದಾರೆ. ಕಾಯ್ದೆ ಇರಲಿ ಬಿಡಲಿ, ನಮಗೇ ಕನ್ನಡ ಬೇಕು. ಪೇಂಟರ್ ನಾಳೆ ಮಧ್ಯಾಹ್ನ ಬರುತ್ತಾರೆ.

‘ಕಾಗದದ ಹೂ’ ಅನ್ನೋಣ ಅಂದರೆ ಬೇಲಿ ಮೇಲೆ ಹಬ್ಬುವ ಬೋಗನ್ವಿಲ್ಲಾಗೂ ಅದೇ ಹೆಸರು. ನರ್ಸರಿ ಅಂದುಕೊಂಡು ಗಿಡ ಕೇಳಿಕೊಂಡು ಬರುತ್ತಾರೆ. ‘ಕೃತಕ ಹೂ’ ಅಂದರೆ ಪ್ಲಾಸ್ಟಿಕ್ ನೆನಪಾಗುತ್ತದೆ.

ಕಲಿಯಲು ಬರುವವರಿಗೆ ಒಂದು ಕರಪತ್ರವನ್ನೂ ಅನುವಾದ ಮಾಡುತ್ತಿದ್ದೇನೆ. ಅದರಲ್ಲಿ ಹೂವಿನ ದಳಕ್ಕೆ ಎಸಳು ಎನ್ನಲೋ, ಪಕಳೆ ಎನ್ನಲೋ? ಅದರ ನಡುವನ್ನು ಹಿಗ್ಗಿಸಿ ಕುಳಿ ಬರುವಂತೆ ಮಾಡುತ್ತೇವಲ್ಲ, ಅದಕ್ಕೂ ಒಂದು ಮಾತು ಬೇಕು.

ವಿಜಯಪುರದಿಂದ:

ಹೆಬ್ಬೂ.

ಹಳಗನ್ನಡದಲ್ಲಿ ಪಿರಿದು ಎಂದರೆ ದೊಡ್ಡದು. ಪಿರಿದು, ಪುಲಿ ಸೇರಿ ಹೆಬ್ಬುಲಿ. ಪಿರಿದು, ಪಾವು ಸೇರಿ ಹೆಬ್ಬಾವು. ಪಿರಿದು, ಪೂ ಸೇರಿದರೆ ಹೆಬ್ಬೂ. ಪದ ಹೊಸದು, ದಾರಿ ಹಳೆಯದು. ‘ಕೃತಕ ಹೂ’ ಸಂಸ್ಕೃತ, ಕನ್ನಡ ಬೆರೆಸಿದ ಅರಿಸಮಾಸ, ಅದರ ಮಾತೇ ಬೇಡ. ‘ಪಕಳೆ’ ಮರಾಠಿಯದು. ಹಳಗನ್ನಡದಿಂದ ಬಂದ ಎಸಳು ಇರುವಾಗ ಅದನ್ನು ಕೇಳುವುದೇ ತಪ್ಪು. ಅದರಲ್ಲೂ ಬೆಳಗಾವಿಯವರು.

ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆಯಿಂದ:

ಅಕ್ಕಾ, ಮೊದಲು ನಿಮ್ಮ ಬೋರ್ಡಿನ ಮಾತು. ‘ಕಾಗದದ ಹೂ’ ಒಂದನ್ನೇ ಬರೆದರೆ ಗಿಡ ಅನ್ನಿಸಬಹುದು, ನಿಜ. ಮುಂದೆ ಕ್ರಿಯಾಪದ ಹಾಕಿ. ‘ಕಾಗದದ, ಬಟ್ಟೆಯ ದೊಡ್ಡ ಹೂ ಮಾಡಿಕೊಡುತ್ತೇವೆ’ ಅಂದರೆ ಯಾರೂ ನರ್ಸರಿ ಅಂದುಕೊಳ್ಳುವುದಿಲ್ಲ. ‘ಹೂ ಕಟ್ಟಿಕೊಡುತ್ತೇವೆ’ ಮಾತ್ರ ಬೇಡ. ದಾರದಲ್ಲಿ ಮಲ್ಲಿಗೆ ಕಟ್ಟಿ ಮೊಳದ ಲೆಕ್ಕದಲ್ಲಿ ಮಾರುವವರು ಅಂತ ಬರುತ್ತಾರೆ.

ಹೆಬ್ಬೂ ವ್ಯಾಕರಣದಲ್ಲಿ ಸರಿ ಇದೆ, ಒಪ್ಪುತ್ತೇನೆ. ಆದರೆ ಹೂವಿಗೆ ಗಿರಾಕಿ ಬಂದು ‘ಎರಡು ಹೆಬ್ಬೂ ಕೊಡ್ರಿ’ ಅನ್ನುವುದಿಲ್ಲ. ‘ದೊಡ್ಡ ಹೂ’ ಅನ್ನುತ್ತಾರೆ. ಇನ್ನು ಅರಿಸಮಾಸ. ‘ಕಾಗದದ ಹೂ’ದಲ್ಲಿ ಷಷ್ಠಿ ವಿಭಕ್ತಿ ಉಳಿದಿದೆ, ಅದು ಸಮಾಸವೇ ಅಲ್ಲ. ಹಾಗಾಗಿ ಆ ದೋಷ ಅದಕ್ಕೆ ತಟ್ಟುವುದಿಲ್ಲ. ಅರಿಸಮಾಸ ಬೇಡವೆಂದ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಬಿರುದುಗಳಿಗೆ, ಹಿಂದಿನ ಕವಿಗಳ ಪ್ರಯೋಗಕ್ಕೆ ವಿನಾಯಿತಿ ಕೊಟ್ಟಿದ್ದಾನೆ. ನಾವು ಅವನಿಗಿಂತ ಬಿಗಿಯಾಗುವುದು ಯಾಕೆ?

ನನಗೆ ನಿಜವಾಗಿ ನೋವಾಗಿದ್ದು ಪಕಳೆಯ ಮಾತಿನಿಂದ. ಮರಾಠಿಯ ಪಾಕಳಿಗೂ ಇದಕ್ಕೂ ನಂಟಿದೆ, ಇರಲಿ. ನಮ್ಮ ಅವ್ವ ಮರಾಠಿ ಓದಿದವಳಲ್ಲ, ಆಡಿದವಳೂ ಅಲ್ಲ. ಗುಲಾಬಿ ಉದುರಿದರೆ ‘ಪಕಳಿ ಬಿದ್ದಾವ ನೋಡು’ ಅನ್ನುತ್ತಿದ್ದಳು. ಅವಳ ಬಾಯಲ್ಲಿ ಅದು ಕನ್ನಡ. ಗುಲಾಬಿ ಪಾರಸಿಯಿಂದ ಬಂತು. ಕಾಗದವೂ ಅಲ್ಲಿಂದಲೇ. ಕತ್ತರಿ ಸಂಸ್ಕೃತದ್ದು. ಇವೆಲ್ಲ ಒಳಗೆ ಕೂತಿರುವಾಗ ಪಕಳೆಯನ್ನು ಮಾತ್ರ ಬಾಗಿಲಲ್ಲಿ ನಿಲ್ಲಿಸುತ್ತೀರಿ. ಗಡಿ ಜಗಳದ ಸಿಟ್ಟನ್ನು ಒಂದು ಹೂವಿನ ಮೇಲೆ ತೀರಿಸಬೇಡಿ. ಎಸಳು ಚಂದದ ಮಾತು, ಅದೂ ಇರಲಿ. ಆದರೆ ನಮ್ಮ ಕಡೆ ಎಸಳು ಅಂದರೆ ಬಹಳ ಜನಕ್ಕೆ ಮೊದಲು ನೆನಪಾಗುವುದು ಬೆಳ್ಳುಳ್ಳಿ. ಕಲಿಯಲು ಬರುವ ಹುಡುಗಿಯರಿಗೆ ಪಕಳೆ ತಟ್ಟನೆ ತಿಳಿಯುತ್ತದೆ.

ಮೂರನೆಯದು, ಕುಳಿ ಮಾಡುವ ಮಾತು. ಇದಕ್ಕೆ ನಮ್ಮಲ್ಲಿ ಒಳ್ಳೆಯ ಪದ ಇದೆ: ಬೊಗಸೆ. ಕ್ರೇಪ್ ಕಾಗದದ ಸಣ್ಣ ನೆರಿಗೆ ಉದ್ದಕ್ಕೆ ಬರುವಂತೆ ಪಕಳೆ ಕತ್ತರಿಸಬೇಕು. ಎರಡೂ ಹೆಬ್ಬೆರಳು ನಡುವೆ ಇಟ್ಟು ಮೆಲ್ಲಗೆ ಆಚೀಚೆ ಎಳೆದರೆ ನೆರಿಗೆ ಬಿಚ್ಚಿ ಅಲ್ಲಿ ಮಾತ್ರ ಹೊಟ್ಟೆ ಬರುತ್ತದೆ. ನೋಡಲು ನೀರಿಗೆ ಒಡ್ಡಿದ ಕೈಯ ಹಾಗೇ ಇರುತ್ತದೆ. ನೆರಿಗೆ ಅಡ್ಡ ಬಂದರೆ ಎಷ್ಟು ಎಳೆದರೂ ಆಗುವುದಿಲ್ಲ, ಹರಿದೇ ಹೋಗುತ್ತದೆ. ದಪ್ಪ ಕಾಗದ ಹಿಗ್ಗುವುದಿಲ್ಲ. ಅದಕ್ಕೆ ಬುಡದಲ್ಲಿ ಸೀಳು ಕೊಟ್ಟು, ಎರಡು ತುದಿಯನ್ನು ಒಂದರ ಮೇಲೊಂದು ಅಂಟಿಸಬೇಕು. ಎರಡಕ್ಕೂ ಒಂದೇ ಮಾತು ಸಾಕು: ‘ಪಕಳೆಯನ್ನು ಬೊಗಸೆ ಮಾಡಿ’.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ಬಟ್ಟೆ ಹೂವಿನ ಕಡೆ ‘ಅಂಚು ಸುಡಿ’ ಎಂದು ಬರೆಯಬೇಡಿ, ‘ಅಂಚು ಕಾಯಿಸಿ’ ಎನ್ನಿ. ಪಾಲಿಯೆಸ್ಟರ್ ಸಾಟಿನ್ ಮೇಣದಬತ್ತಿಯ ಹತ್ತಿರ ಹಿಡಿದರೆ ಅಂಚು ಕರಗಿ ಸುರುಳುತ್ತದೆ, ಎಳೆ ಬಿಡುವುದಿಲ್ಲ. ನಮ್ಮೂರಿನ ರೇಷ್ಮೆ, ಹತ್ತಿ ಖಣಕ್ಕೆ, ಅಂದರೆ ಕುಪ್ಪಸದ ಬಟ್ಟೆಗೆ, ಅದೂ ಬೇಡ. ಅದು ಕರಗುವುದಿಲ್ಲ, ಕರಿಯಾಗುತ್ತದೆ. ಅಂಚು ಮಡಿಚಿ ಹೊಲಿಯಬೇಕು. ಒಂದು ಮಾತು ತಪ್ಪಿದರೆ ಒಂದು ಒಳ್ಳೆಯ ಖಣ ಹಾಳು.

ಶಹಾಪುರದಿಂದ, ಮತ್ತೆ:

ಇಬ್ಬರಿಗೂ ಉಪಕಾರ. ಮನೆಯಲ್ಲಿ ಕೂತು ಮಾತಾಡಿದೆವು. ಅಂಗಡಿಯ ಹೆಸರನ್ನೇ ‘ಹೆಬ್ಬೂ’ ಎಂದು ಇಡುತ್ತಿದ್ದೇವೆ, ಮಗಳಿಗೆ ಬಹಳ ಹಿಡಿಸಿತು. ಕೆಳಗೆ ‘ಕಾಗದದ, ಬಟ್ಟೆಯ ದೊಡ್ಡ ಹೂ ಮಾಡಿಕೊಡುತ್ತೇವೆ’ ಎಂಬ ಸಾಲು. ಪೇಂಟರಿಗೆ ಚೀಟಿಯಲ್ಲಿ ಬರೆದು ಕೊಟ್ಟಿದ್ದೇನೆ. ದೀರ್ಘ ಬಿಟ್ಟು ‘ಹೆಬ್ಬು’ ಮಾಡಬಾರದು ಎಂದು ಎರಡು ಸಲ ಹೇಳಿದೆ. ಕರಪತ್ರದಲ್ಲಿ ಪಕಳೆ, ಬೊಗಸೆ.

ವಿಜಯಪುರದಿಂದ:

ಹೆಬ್ಬೂ ಸಂತೋಷ. ಬೊಗಸೆಯೂ ಒಳ್ಳೆಯದು. ಎಸಳು ಬಿಟ್ಟಿದ್ದು ಸರಿಯಲ್ಲ. ಬೆಳ್ಳುಳ್ಳಿಗೆ ಕೊಟ್ಟ ಮಾತನ್ನು ಹೂವಿಗೆ ವಾಪಸ್ ಕೊಡಲು ಇದೇ ಕರಪತ್ರ ಸಾಕಾಗಿತ್ತು.