ಕಿವಿ ನೋವು, ಆದರೆ ಕಿವಿ ಸರಿ ಇದೆಯಂತೆ! ದವಡೆ ಕೀಲಿನದ್ದಾ?

ಕೋಡುಬಳೆ ಪ್ರಿಯೆ:
ಎರಡು ತಿಂಗಳಿಂದ ಬಲಗಿವಿ ನೋವು. ಇಎನ್‌ಟಿ ಡಾಕ್ಟರು ನೋಡಿ ಕಿವಿ ಚೆನ್ನಾಗಿದೆ ಅಂದರು. ಆದರೆ ಆಕಳಿಸಿದರೆ ಕಿವಿ ಮುಂದೆ ಟಕ್ ಅನ್ನುತ್ತದೆ, ಬೆಳಿಗ್ಗೆ ಎದ್ದಾಗ ರಾತ್ರಿಯೆಲ್ಲ ಕಬ್ಬು ಜಗಿದ ಹಾಗೆ ದವಡೆ ಬಿಗಿ. ಮೊನ್ನೆ ಕೋಡುಬಳೆ ಕಚ್ಚಿ, ನೋವು ತಡೆಯದೆ ಅರ್ಧಕ್ಕೇ ತಟ್ಟೆಗೆ ಇಟ್ಟೆ. ಅತ್ತೆ ಮುಖ ಸಣ್ಣದಾಯಿತು. ಒಂದು ಕ್ಲಿನಿಕ್‌ನಲ್ಲಿ ಹಲ್ಲು ಸ್ವಲ್ಪ ತೇಯ್ದು ಸರಿ ಮಾಡೋಣ ಅಂದಿದ್ದಾರೆ. ಮಾಡಿಸಲಾ?

ಹಲ್ಲಿನ ಡಾಕ್ಟರ್:
ಸದ್ಯಕ್ಕೆ ಬೇಡ ಮೇಡಂ, ತೇಯ್ದ ಹಲ್ಲು ವಾಪಸ್ ಬೆಳೆಯುವುದಿಲ್ಲ. ಕಿವಿ ತೂತಿನ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನ ಕೆಳಗೆ ಜರುಗುವುದೇ ದವಡೆ ಕೀಲು, ನಾವು ಟಿಎಂಜೆ ಅನ್ನುವುದು. ಕಿವಿಗೆ ಅಂಟಿಕೊಂಡೇ ಇರುವುದರಿಂದ ಕಿವಿನೋವು ಅಂತಲೇ ಅನ್ನಿಸುತ್ತದೆ. ಮೂಳೆಗಳ ನಡುವೆ ಬಿಲ್ಲೆಯಂಥ ಒಂದು ಡಿಸ್ಕ್ ಇದೆ, ಅದು ಮುಂದಕ್ಕೆ ಜಾರಿದ್ದು ಬಾಯಿ ತೆರೆಯುವಾಗ ಮತ್ತೆ ಜಾಗಕ್ಕೆ ಬಂದು ಕೂತರೆ ಟಕ್. ನೋವಿಲ್ಲದೆ ಬರೀ ಸದ್ದಾದರೆ ಚಿಕಿತ್ಸೆಯೇ ಬೇಕಿಲ್ಲ. ನಿಮ್ಮ ಬೆಳಗಿನ ಬಿಗಿತ ನೋಡಿದರೆ ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರೇನೋ, ಮನೆಯವರನ್ನು ಕೇಳಿ. ಬಾಯಿಗೆ ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಹಿಡಿಸುತ್ತವಾ?

ನೈಟ್ ಶಿಫ್ಟ್:
ನನಗೂ ಇದೇ ಆಗಿತ್ತು ಅಕ್ಕಾ. ಕಂಪ್ಯೂಟರ್ ಮುಂದೆ ಕೂತರೆ ಹಲ್ಲು ಕಚ್ಚಿಕೊಂಡೇ ಇರುತ್ತಿದ್ದೆ, ಗೊತ್ತೇ ಆಗುತ್ತಿರಲಿಲ್ಲ. ಊಟ ಮಾಡದಾಗ ಮೇಲಿನ ಹಲ್ಲು ಕೆಳಗಿನದಕ್ಕೆ ತಾಗಬಾರದಂತೆ, ತುಟಿ ಮಾತ್ರ ಮುಚ್ಚಿರಬೇಕು. ದಿನಕ್ಕೆರಡು ಸಲ ಬಿಸಿನೀರಿನ ಬಟ್ಟೆ ಇಟ್ಟೆ, ಚ್ಯೂಯಿಂಗ್ ಗಮ್ ಬಿಟ್ಟೆ, ರಾತ್ರಿಗೆ ಹಲ್ಲಿನ ಮೇಲೆ ಹಾಕಿಕೊಳ್ಳುವ ನೈಟ್ ಗಾರ್ಡ್. ಊಟಕ್ಕೆ ಮುದ್ದೆ ಸಾರು. ಹೇಗೂ ಮುದ್ದೆ ನುಂಗುವುದು ತಾನೇ, ಜಗಿಯುವ ಕೆಲಸವೇ ಇಲ್ಲ! ಒಂದೂವರೆ ತಿಂಗಳಲ್ಲಿ ನೋವು ಹೋಯಿತು, ಟಕ್ ಮಾತ್ರ ಇನ್ನೂ ಇದೆ.

ತೋಟದ ಮನೆ:
ನನಗೆ ಸದ್ದಿಲ್ಲ, ಆದರೆ ಎರಡು ಬೆರಳೂ ಹಿಡಿಸುವುದಿಲ್ಲ. ಖಾರ ತಿಂದರೆ ಬಾಯೆಲ್ಲ ಉರಿ. ಎಲೆ ಅಡಿಕೆ ಅಭ್ಯಾಸ ಉಂಟು.

ಹಲ್ಲಿನ ಡಾಕ್ಟರ್:
ಸಾರ್, ನಿಮ್ಮದು ಬೇರೆ ಕಥೆ ಇರಬಹುದು. ಅಡಿಕೆಯಿಂದ ಕೆನ್ನೆಯ ಒಳಚರ್ಮ ಗಟ್ಟಿಯಾಗಿ ಬಾಯಿ ಕಿರಿದಾಗುತ್ತದೆ, ಅದು ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು. ಅಡಿಕೆ ಇವತ್ತೇ ನಿಲ್ಲಿಸಿ, ಈ ವಾರವೇ ತೋರಿಸಿ. ಸುಮ್ನೆ ಕೂರಬೇಡಿ.

ಕೋಡುಬಳೆ ಪ್ರಿಯೆ:
ಮೂರು ಬೆರಳು ಕಷ್ಟಪಟ್ಟು ಹಿಡಿಸಿದವು. ಇವರನ್ನು ಕೇಳಿದರೆ, 'ರಾತ್ರಿ ಇಲಿ ಕಡಿಯುತ್ತಿದೆ ಅಂತ ಬೋನು ಇಟ್ಟಿದ್ದೆನಲ್ಲ, ಅದು ನೀನೇನಾ' ಅಂದರು.