ಸಹಾಯ ಬೇಕು: ಹಬ್ಬದೂಟದ ತರಕಾರಿಗಳನ್ನು ಹಿಂದಿನ ದಿನವೇ ಬೇಯಿಸಿಡಬಹುದೇ?

ರಜಾದಿನದಂದು 12 ಮಂದಿಗೆ ಊಟ ಸಿದ್ಧಪಡಿಸಬೇಕಾಗಿದ್ದು, ಕ್ಯಾರೆಟ್, ಬೀಟ್‌ರೂಟ್, ಹೂಕೋಸು ಮತ್ತು ಗೆಣಸನ್ನು ಓವನ್‌ನಲ್ಲಿ ಹುರಿದು ಬಡಿಸಬೇಕೆಂದುಕೊಂಡಿದ್ದೇನೆ. ಕಳೆದ ಬಾರಿ ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಒತ್ತೊತ್ತಾಗಿ ತುಂಬಿದ್ದರಿಂದ ಹೊರಬಂದ ಹಬೆ ಅಲ್ಲಿಯೇ ಉಳಿದು, ಕ್ಯಾರೆಟ್ ಮತ್ತು ಗೆಣಸು ಹೊಂಬಣ್ಣಕ್ಕೆ ತಿರುಗುವ ಬದಲು ಮೆತ್ತಗಾದವು. ಮೇಲಿದ್ದ ಹೂಕೋಸಿನ ಅಂಚುಗಳು ಕಪ್ಪಾದಾಗಲೂ ಬೀಟ್‌ರೂಟ್ ಗಟ್ಟಿಯಾಗಿಯೇ ಇತ್ತು, ಅದರ ಬಣ್ಣವಂತೂ ಪಕ್ಕದ ಯಾವ ತರಕಾರಿಯನ್ನೂ ಬಿಡಲಿಲ್ಲ.

ಆದ್ದರಿಂದ ಈ ಸಲ ಬೀಟ್‌ರೂಟನ್ನು ಕತ್ತರಿಸದೆ, ಸಿಪ್ಪೆ ಸಮೇತ ಹಿಂದಿನ ದಿನವೇ ಬೇಯಿಸಿ, ತಣಿಸಿ ಫ್ರಿಜ್‌ನಲ್ಲಿಡುವುದೆಂದೂ, ಉಳಿದವನ್ನು ಎರಡು ತಟ್ಟೆಗಳಲ್ಲಿ ಒಂದೇ ಪದರವಾಗಿ ಹರಡಿ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುರಿಯುವುದೆಂದೂ ಯೋಚಿಸಿದ್ದೇನೆ. ಕ್ಯಾರೆಟ್ ಮತ್ತು ಗೆಣಸನ್ನೂ ಮುಂಚಿತವಾಗಿ ಅರೆಬೇಯಿಸಿಟ್ಟರೆ ಮರುದಿನ ಹುರಿಯುವಾಗ ಅಂಚುಗಳು ಗರಿಗರಿಯಾಗುತ್ತವೆಯೇ, ಅಥವಾ ನೀರು ಹಿಡಿದುಕೊಂಡು ಮತ್ತೆ ಮೆತ್ತಗಾಗುತ್ತವೆಯೇ? ಎರಡು ತಟ್ಟೆಗಳನ್ನು ಮೇಲೆ ಕೆಳಗೆ ಇಟ್ಟಾಗ ಎಷ್ಟು ಹೊತ್ತಿಗೊಮ್ಮೆ ಸ್ಥಳ ಬದಲಿಸುತ್ತೀರಿ? ಓವನ್ ಒಂದೇ ಇದ್ದು, ಕೊನೆಯ ಒಂದು ಗಂಟೆ ಮಾತ್ರ ತರಕಾರಿಗೆ ಸಿಗುತ್ತದೆ. ಹೆಚ್ಚು ಜನರಿಗೆ ಅಡುಗೆ ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಿಕೊಡಬೇಕಾಗಿ ಕೋರುತ್ತೇನೆ.